ಸಂಬಳವಿಲ್ಲದ ಸೇವೆ, ಯಾರು ಕೊಟ್ಟ ಕರೆ?

ಚೆನ್ನೈ ಬೀಚ್‌ನಿಂದ ತಾಂಬರಂ ಕಡೆಗೆ ಹೊರಡುವ ಲೋಕಲ್ ರೈಲು ಗಿಂಡಿ ದಾಟಿದ ಮೇಲೆ ಸೇಂಟ್ ಥಾಮಸ್ ಮೌಂಟ್‌ನಲ್ಲಿ ನಿಲ್ಲುತ್ತದೆ. ತಮಿಳರ ಬಾಯಲ್ಲಿ ಅದು ಪರಂಗಿಮಲೈ. ಅಲ್ಲಿಂದ ನಾಲ್ಕನೆಯ ನಿಲ್ದಾಣ ಪಲ್ಲಾವರಂ, ಪಲ್ಲಾವರಂನಿಂದ ಮೂರನೆಯದು ತಾಂಬರಂ. ಹಳಿಯ ಪಕ್ಕದಲ್ಲೇ ದಕ್ಷಿಣಕ್ಕೆ ಓಡುವ ಜಿಎಸ್‌ಟಿ ರಸ್ತೆ, ರಸ್ತೆಗೆ ಅಂಟಿಕೊಂಡ ಹಳೆಯ ದಂಡು ಪ್ರದೇಶ, ಶುಕ್ರವಾರ ನೆರೆಯುವ ದೊಡ್ಡ ಸಂತೆ. ಈ ಸಣ್ಣ ಪಟ್ಟಿಯಲ್ಲಿ ಕ್ರೈಸ್ತರ ಬಹುತೇಕ ಎಲ್ಲ ಪಂಗಡಗಳ ಆಲಯಗಳೂ ಇವೆ. ಉತ್ತರದ ಬೆಟ್ಟದ ಮೇಲೆ 1523ರಲ್ಲಿ ಪೋರ್ಚುಗೀಸರು ಕಟ್ಟಿದ ಗುಡಿಯಿದೆ. ದಕ್ಷಿಣದ ತುದಿಯಲ್ಲಿ 1938ರಲ್ಲಿ ಜಗತ್ತಿನ ಪ್ರೊಟೆಸ್ಟಂಟ್ ನಾಯಕರು ಸೇರಿದ ಕಾಲೇಜಿದೆ. ಇವೆರಡರ ನಡುವೆ ಪಲ್ಲಾವರಂ.

ಈ ದಾರಿಯ ಚರಿತ್ರೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತಿದೆ. ಸಭೆಯ ಕೆಲಸಕ್ಕೆ ಒಬ್ಬನನ್ನು ಕರೆಯುವ ಅಧಿಕಾರ ಯಾರದು? ಕರೆದವರು ಯಾರೆಂಬುದರಲ್ಲೇ ಒಮ್ಮತವಿಲ್ಲದಿದ್ದರೆ, ಕರೆಸಿಕೊಂಡವನು ಮಾಡಿದ ಕೆಲಸಕ್ಕೆ ಬೆಲೆ ಕಟ್ಟುವವರು ಯಾರು?

ಯಾವುದೇ ಚರ್ಚಿನ ಭಾನುವಾರವನ್ನು ಹತ್ತಿರದಿಂದ ನೋಡಿದರೆ ಇದು ಪುಸ್ತಕದ ಪ್ರಶ್ನೆಯಲ್ಲ ಎಂದು ಗೊತ್ತಾಗುತ್ತದೆ. ಆರಾಧನೆ ಮುಗಿದು ಜನ ಬಾಗಿಲ ಬಳಿ ಮಾತಿಗೆ ನಿಂತಿರುವಾಗ, ಒಳಗಿನ ಚಿಕ್ಕ ಕೋಣೆಯಲ್ಲಿ ಇಬ್ಬರು ಕುಳಿತು ಕಾಣಿಕೆಯ ಹಣ ಎಣಿಸುತ್ತಾರೆ. ನೋಟು ಬೇರೆ, ಚಿಲ್ಲರೆ ಬೇರೆ, ಕೃತಜ್ಞತಾ ಕಾಣಿಕೆಯ ಲಕೋಟೆಗಳು ಬೇರೆ. ಮೊತ್ತವನ್ನು ಪುಸ್ತಕಕ್ಕೆ ಏರಿಸಿ ಇಬ್ಬರೂ ಸಹಿ ಹಾಕುತ್ತಾರೆ. ಅವರಿಗೆ ಸಂಬಳವಿಲ್ಲ. ಗಾಯನ ಮಂಡಳಿ ನಡೆಸುವವರಿಗೆ, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವವರಿಗೆ, ಸತ್ಯವೇದದ ಪಾಠ ಓದುವವರಿಗೆ, ಸ್ಮಶಾನದ ಲೆಕ್ಕ ನೋಡುವವರಿಗೆ, ಕಾರ್ಯದರ್ಶಿಗೆ, ಖಜಾಂಚಿಗೆ ಯಾರಿಗೂ ಸಂಬಳವಿಲ್ಲ. ಸಂಬಳವಿಲ್ಲದ್ದರಿಂದಲೇ ಇಲ್ಲಿನ ಮನಸ್ತಾಪ ಬೇಗ ಆರುವುದಿಲ್ಲ. ಕೂಲಿಯ ತಕರಾರಾದರೆ ಹಣ ಕೊಟ್ಟು ಮುಗಿಸಬಹುದು. ಹತ್ತು ವರ್ಷ ಬಿಡಿಗಾಸಿಲ್ಲದೆ ದುಡಿದವನ ಹೆಸರು ಈ ವರ್ಷದ ಪಟ್ಟಿಯಲ್ಲಿ ಏಕಿಲ್ಲ ಎಂದು ಅವನ ಮನೆಯವರು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ.

ಈ ಜಗಳ ಕ್ರೈಸ್ತ ಸಭೆಯಷ್ಟೇ ಹಳೆಯದು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಅದರಿಂದಲೇ ಆರಂಭವಾಗುತ್ತದೆ. ಯೆರೂಸಲೇಮಿನಲ್ಲಿ ದಿನದಿನದ ಅನ್ನ ಹಂಚುವಾಗ ಗ್ರೀಕ್ ಮಾತಿನ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ಗುಣುಗುಟ್ಟು ಎದ್ದಿತು. ಅಪೊಸ್ತಲರು ತಾವೇ ತೀರ್ಪು ಕೊಡಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದು ಸಭೆಗೆ ಹೇಳಿದರು, ಸಭೆ ಆರಿಸಿದವರ ಮೇಲೆ ಕೈಯಿಟ್ಟು ಹೊಣೆ ಒಪ್ಪಿಸಿದರು. ಆರಿಸಿದ್ದು ಜನ, ನೇಮಿಸಿದ್ದು ಹಿರಿಯರು, ಕೆಲಸ ಇಂಥದ್ದೇ ಎಂದು ಗೊತ್ತು ಮಾಡಿದ್ದಾಗಿತ್ತು. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಇನ್ನೊಂದು ಕ್ರಮವಿದೆ: ತಪ್ಪಿದವನ ಬಳಿಗೆ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಆಗದಿದ್ದರೆ ಸಭೆಗೆ ತಿಳಿಸು. ದಕ್ಷಿಣ ಭಾರತದ ಸಭೆಗಳು ತಮ್ಮ ನಿಯಮಾವಳಿ ಬರೆಯುವಾಗ ಈ ಎರಡು ಅಧ್ಯಾಯಗಳಿಗೆ ಮತ್ತೆ ಮತ್ತೆ ಮರಳಿವೆ.

*

ಪರಂಗಿಮಲೈ ಬೆಟ್ಟದ ಸುತ್ತ ಮೊದಲು ಎದ್ದದ್ದು ಕೆಥೊಲಿಕ್ ಪಾದ್ರಿಗಳ ನಡುವಿನ ವಿವಾದ. ಪೋರ್ಚುಗಲ್ಲಿನ ಅರಸರಿಗೆ ಪೂರ್ವದೇಶಗಳ ಚರ್ಚುಗಳನ್ನು ಪೋಷಿಸುವ, ಬಿಷಪರ ಹೆಸರು ಸೂಚಿಸುವ ಹಕ್ಕನ್ನು ಪೋಪರು ಕೊಟ್ಟಿದ್ದರು. ಅದಕ್ಕೆ ಪಾದ್ರೊವಾದೊ ಎಂದು ಹೆಸರು. 1606ರಲ್ಲಿ ಮೈಲಾಪುರಕ್ಕೆ ಬಿಷಪ್ ಪೀಠ ಸಿಕ್ಕಿದ್ದು ಈ ಏರ್ಪಾಟಿನಲ್ಲೇ. 1622ರಲ್ಲಿ ರೋಮ್ ಧರ್ಮಪ್ರಸಾರಕ್ಕಾಗಿ ಪ್ರೊಪಗಾಂದ ಎಂಬ ತನ್ನದೇ ಇಲಾಖೆ ತೆರೆಯಿತು. ಅಲ್ಲಿಂದ ಮುಂದೆ ಒಂದೇ ಊರಿಗೆ ಎರಡು ಕಡೆಯಿಂದ ಪಾದ್ರಿಗಳು ಬರತೊಡಗಿದರು.

1642ರಲ್ಲಿ ಫ್ರೆಂಚ್ ಕಪುಚಿನ್ ಪಾದ್ರಿ ಎಫ್ರಾಯಿಮ್ ದ ನೆವೆರ್ ಬರ್ಮಾದ ಪೆಗುವಿಗೆ ಹೊರಟವರು ಮದ್ರಾಸಿನಲ್ಲಿ ಇಳಿದರು. ತಮ್ಮ ಊರಿನ ಕೆಥೊಲಿಕರು ಪ್ರತಿಯೊಂದಕ್ಕೂ ಪೋರ್ಚುಗೀಸರ ಸಾಂಥೋಮಿಗೆ ಹೋಗುವುದು ಇಂಗ್ಲಿಷರಿಗೆ ಬೇಡವಾಗಿತ್ತು. ಇಲ್ಲೇ ಇರಿ ಎಂದರು, ಅವರು ಉಳಿದರು. ಸಾಂಥೋಮಿನವರ ಕಣ್ಣಿಗೆ ಅದು ಕರೆಯಿಲ್ಲದ ಪ್ರವೇಶ. 1649ರಲ್ಲಿ ಅವರು ಎಫ್ರಾಯಿಮರನ್ನು ಹಿಡಿದು ಗೋವೆಯ ಇನ್‌ಕ್ವಿಸಿಷನ್‌ಗೆ ಒಪ್ಪಿಸಿದರು. ಬಿಡುಗಡೆಯಾಗಿ ಮದ್ರಾಸಿಗೆ ಮರಳಲು ಅವರಿಗೆ ವರ್ಷಗಳೇ ಹಿಡಿದವು. ಒಬ್ಬ ಪಾದ್ರಿಯ ಬಂಧನ ಮುಗಿದರೂ ವಿವಾದ ಮುಗಿಯಲಿಲ್ಲ. ಒಂದೇ ನಗರದಲ್ಲಿ ಒಂದೇ ಮತದವರಿಗೆ ಎರಡು ಪೀಠಗಳು ಮುಂದಿನ ಮೂರು ಶತಮಾನ ಉಳಿದವು. 1952ರ ನವೆಂಬರ್‌ನಲ್ಲಿ ಮದ್ರಾಸ್ ಮತ್ತು ಮೈಲಾಪುರಗಳನ್ನು ಒಂದೇ ಮಹಾಧರ್ಮಪ್ರಾಂತವಾಗಿ ಕೂಡಿಸಿದಾಗ ಕಥೆ ತೀರಿತು. ಬೆಟ್ಟ ಮತ್ತು ಪಲ್ಲಾವರಂ ಈಗ 2002ರಲ್ಲಿ ರೂಪುಗೊಂಡ ಚೆಂಗಲಪಟ್ಟು ಧರ್ಮಪ್ರಾಂತಕ್ಕೆ ಸೇರಿವೆ.

ಇದೇ ಬಿರುಕು ಕನ್ನಡ ಕರಾವಳಿಯಲ್ಲೂ ಬಾಯ್ದೆರೆದಿತ್ತು. 1886ರ ಜೂನ್ 23ರಂದು ಪೋಪರಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ ದಕ್ಷಿಣ ಕನ್ನಡದ ಚರ್ಚುಗಳು ಗೋವೆಯ ಕೈತಪ್ಪಿ ಮಂಗಳೂರು ಬಿಷಪರ ಕೆಳಗೆ ಬಂದವು. ಬ್ರಹ್ಮಾವರದ ಕೆಲವು ಕುಟುಂಬಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ತಮ್ಮನ್ನು ಕೇಳದೆ ತಮ್ಮ ಕುರುಬನನ್ನು ಬದಲಿಸಿದರೆಂಬ ನೋವು ಅವರದು. ಗೋವೆಯ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೋಟ್ಟಯಂನಲ್ಲಿ ಸಿರಿಯನ್ ಆರ್ಥಡಾಕ್ಸ್ ಪರಂಪರೆಯ ಬಿಷಪರಾಗಿ ಅಭಿಷೇಕ ಪಡೆದರು. ಬ್ರಹ್ಮಾವರದಲ್ಲಿ ಪಾದ್ರಿ ನೊರೋನ್ಹಾ ಅವರ ಸುತ್ತ ನಿಂತ ಕುಟುಂಬಗಳು ಆ ದಾರಿಯಲ್ಲೇ ನಡೆದವು. ಕೊಂಕಣಿ ಮಾತಾಡುವ ಆ ಸಭೆ ಇಂದಿಗೂ ಮಲಂಕರ ಆರ್ಥಡಾಕ್ಸ್ ಸಭೆಯ ಅಂಗ.

ಆದರೂ ಇದೇ ಕರಾವಳಿ ಮನಸ್ತಾಪ ಬಿಡಿಸುವ ತನ್ನದೇ ಒಂದು ಹುದ್ದೆಯನ್ನು ಬೆಳೆಸಿತ್ತು. ಅವರೇ ಗುರಿಕಾರರು, ಕೊಂಕಣಿಯಲ್ಲಿ ಗುರ್ಕಾರ್. ಚರ್ಚಿನ ಪ್ರತಿ ವಾಳೆಗೂ, ಅಂದರೆ ವಾರ್ಡಿಗೂ, ಒಬ್ಬ ಗುರಿಕಾರ. ಸಾವಾದರೆ ಮನೆಮನೆಗೆ ಸುದ್ದಿ ಮುಟ್ಟಿಸುವುದು, ಮದುವೆಯ ಮಾತುಕತೆಯಲ್ಲಿ ಹಾಜರಿರುವುದು, ಹಬ್ಬದ ವಂತಿಗೆ ಎತ್ತುವುದು, ಗಡಿ ಬೇಲಿಯ ತಂಟೆ ಪಾದ್ರಿಯ ಕಿವಿಗೆ ಬೀಳುವ ಮೊದಲೇ ಜಗಲಿಯಲ್ಲಿ ಕುಳಿತು ಬಗೆಹರಿಸುವುದು ಅವನ ಕೆಲಸ. ಸಂಬಳವಿಲ್ಲ, ಮಾನವಿದೆ. ಆ ಮಾನಕ್ಕಾಗಿ ಪೈಪೋಟಿಯೂ ಇರುತ್ತಿತ್ತು. ಆದರೆ ಗುರಿಕಾರನ ಮಾತಿಗೆ ತೂಕ ಬರುತ್ತಿದ್ದದ್ದು ವಾಳೆಯ ಮನೆಗಳು ಒಪ್ಪಿದಾಗ ಮತ್ತು ಪಾದ್ರಿ ಹೆಸರು ಹಿಡಿದು ಕರೆದಾಗ, ಎರಡೂ ಸೇರಿದಾಗ ಮಾತ್ರ.

*

ಪ್ರೊಟೆಸ್ಟಂಟರ ಕಥೆ ಬೇರೆ. ಅವರಲ್ಲಿ ಪಂಗಡಕ್ಕೊಂದು ಪದ್ಧತಿ. ಕೋಟೆ ಮತ್ತು ದಂಡು ಪ್ರದೇಶಗಳ ಆಂಗ್ಲಿಕನ್ ಚರ್ಚುಗಳಲ್ಲಿ ಬಿಷಪರ ಅಧಿಕಾರ, ಜನರ ಪರವಾಗಿ ಚರ್ಚ್‌ವಾರ್ಡನ್‌ಗಳು. ಸೇಂಟ್ ಜಾರ್ಜ್ ಕೋಟೆಯೊಳಗೆ 1680ರಲ್ಲಿ ಪ್ರತಿಷ್ಠೆಗೊಂಡ ಸೇಂಟ್ ಮೇರಿ ಚರ್ಚಿನಲ್ಲಿ ಕಂಪನಿಯ ನೌಕರರೇ ವಾರ್ಡನ್‌ಗಳಾಗಿ ಬಡವರ ನಿಧಿಯ ಲೆಕ್ಕ ಇಡುತ್ತಿದ್ದರು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅವರ ಲಂಡನ್ ಮಿಷನ್‌ನಲ್ಲಿ ಕಾಂಗ್ರಿಗೇಷನಲ್ ಪದ್ಧತಿಯ ಒಲವು. ಅಲ್ಲಿ ಸ್ಥಳೀಯ ಸಭೆಯೇ ತನ್ನ ಪಾಲಕನನ್ನೂ ಡೀಕನ್‌ಗಳನ್ನೂ ಕರೆಯಬೇಕು, ಹೊರಗಿನವರು ಹೇರುವಂತಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನಲ್ಲಿ ಮಿಷನರಿಯೊಂದಿಗೆ ಸಭಾ ಹಿರಿಯರು ಕುಳಿತು ಶಿಸ್ತು ಮತ್ತು ಬಡವರ ಸಹಾಯದ ವಿಷಯ ತೀರ್ಮಾನಿಸುತ್ತಿದ್ದರು.

ಬೆಂಗಳೂರು, ಗುಬ್ಬಿ, ಮೈಸೂರು, ತುಮಕೂರು ಕಡೆ ಬೇರೂರಿದ ವೆಸ್ಲಿಯನ್ ಮೆಥಡಿಸ್ಟರದು ಮತ್ತೊಂದು ಬಗೆ. ದೀಕ್ಷೆ ಪಡೆದ ಪಾಲಕರು ಕಡಿಮೆ, ಪ್ರಸಂಗ ಮಾಡುವ ಸಾಮಾನ್ಯ ಸದಸ್ಯರು ಹೆಚ್ಚು. ಮೂರು ತಿಂಗಳಿಗೊಮ್ಮೆ ಒಂದು ಹಾಳೆ ಸಿದ್ಧವಾಗುತ್ತಿತ್ತು. ಎಡಕ್ಕೆ ಊರುಗಳ ಹೆಸರು, ಮೇಲೆ ಭಾನುವಾರಗಳ ತಾರೀಖು, ಚೌಕಗಳಲ್ಲಿ ಪ್ರಸಂಗಿಗಳ ಗುರುತು. ಶಾಲಾ ಮಾಸ್ತರನೊಬ್ಬ, ಗುಮಾಸ್ತನೊಬ್ಬ ಯಾವ ಭಾನುವಾರ ಯಾವ ಊರಿಗೆ ಹೋಗಬೇಕೆಂಬುದು ಆ ಚೌಕದಲ್ಲಿ ಗೊತ್ತಾಗುತ್ತಿತ್ತು. ಹೊಸಬನ ಪ್ರಸಂಗ ಕೇಳಿ ಪರೀಕ್ಷಿಸಿದ ಮೇಲೆಯೇ ಅವನ ಹೆಸರು ಹಾಳೆಗೆ ಏರುತ್ತಿತ್ತು. ಪ್ರಸಂಗಿ ಯಾರು, ಎಲ್ಲಿ, ಯಾವಾಗ ಎಂಬುದೆಲ್ಲ ಎಲ್ಲರ ಕಣ್ಣೆದುರು ಬರಹದಲ್ಲಿ ಇರುತ್ತಿದ್ದುದರಿಂದ ಬಾಯಿಮಾತಿನ ತಕರಾರಿಗೆ ಎಡೆ ಕಡಿಮೆಯಿತ್ತು.

ಇದೇ ಕಾಲಕ್ಕೆ ಮದ್ರಾಸಿಗೆ ಇನ್ನೂ ಬೇರೆ ತರದವರು ಬಂದರು. 1853ರ ಜುಲೈನಲ್ಲಿ ಅಮೆರಿಕದ ಮಾರ್ಮನ್ ಸಭೆಯ ರಿಚರ್ಡ್ ಬ್ಯಾಲಂಟೈನ್, ರಾಬರ್ಟ್ ಸ್ಕೆಲ್ಟನ್, ರಾಬರ್ಟ್ ಓವೆನ್ಸ್ ಎಂಬ ಪ್ರಚಾರಕರು ಇಲ್ಲಿ ಕೆಲಸ ಹಿಡಿದರು. ಯಾರಿಗೂ ಸಂಬಳವಿಲ್ಲ, ಸಭೆ ಕರೆದಾಗ ಮನೆ ಬಿಟ್ಟು ಬಂದವರು. ಮದ್ರಾಸಿನಲ್ಲಿ ಒಂದು ಪತ್ರಿಕೆ ಅಚ್ಚು ಹಾಕಿಸಿದರು, ಬೆರಳೆಣಿಕೆಯ ಜನರನ್ನು ಸೇರಿಸಿದರು. ಬ್ಯಾಲಂಟೈನ್ ಮರುವರ್ಷವೇ ಮರಳಿದರು. ಅವರ ಸಭೆ ದಕ್ಷಿಣ ಭಾರತದಲ್ಲಿ ಗಟ್ಟಿಯಾಗಿ ನೆಲೆಯೂರಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. 1993ರಲ್ಲಿ ಬೆಂಗಳೂರು ಅದರ ಮಿಷನ್ ಕೇಂದ್ರವಾಯಿತು, 2018ರಲ್ಲಿ ಅಲ್ಲಿ ದೇವಾಲಯ ಕಟ್ಟುವ ನಿರ್ಧಾರ ಪ್ರಕಟವಾಯಿತು. ಆ ಸಭೆಯ ಒಂದು ರೂಢಿ ಗಮನಕ್ಕೆ ತಕ್ಕದ್ದು. ಸ್ಥಳೀಯ ಬಿಷಪರಿಂದ ಹಿಡಿದು ಮಕ್ಕಳ ಪಾಠದವರ ತನಕ ಎಲ್ಲರೂ ಬೇರೆ ಕಸುಬಿನ ಸಾಮಾನ್ಯ ಸದಸ್ಯರೇ. ಹೆಸರು ಪ್ರಕಟಿಸಿದಾಗ ಸಭೆ ಕೈಯೆತ್ತಿ ಒಪ್ಪಿಗೆ ಸೂಚಿಸುತ್ತದೆ, ಅವಧಿ ಮುಗಿದಾಗ ಕೃತಜ್ಞತೆ ಹೇಳಿ ಹೊಣೆಯಿಂದ ಬಿಡುಗಡೆ ಮಾಡುತ್ತದೆ. ನಿನ್ನೆಯ ಬಿಷಪ್ ಇಂದು ಬೆಂಚಿನಲ್ಲಿ ಕುಳಿತರೆ ಅದನ್ನು ಅವಮಾನವೆಂದು ಎಣಿಸುವಂತಿಲ್ಲ, ಎಲ್ಲರಿಗೂ ಒಂದು ದಿನ ಬರುವ ಸರದಿ ಅದು.

*

ಇಪ್ಪತ್ತನೆಯ ಶತಮಾನ ಆರಂಭವಾದಾಗ ಭಾರತೀಯ ಕ್ರೈಸ್ತರಿಗೆ ಒಂದು ವಿಷಯ ನೋಯಿಸತೊಡಗಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕಗಳಲ್ಲಿ ಎಂದೋ ನಡೆದ ಜಗಳಗಳಿಗಾಗಿ ತಮಿಳು, ತೆಲುಗು, ಕನ್ನಡದ ಹಳ್ಳಿಗರು ಒಂದೇ ಮೇಜಿನಲ್ಲಿ ಕರ್ತನ ಭೋಜನ ಮಾಡದ ಹಾಗಾಗಿತ್ತು. 1908ರಲ್ಲಿ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೀರಿಯನ್ ಸಭೆಗಳು ಸೇರಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದವು. 1919ರ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ 33 ಮಂದಿ ಕಲೆತರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಮುಂದೆ ನಿಂತವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್, ದೋರ್ನಕಲ್‌ನ ವಿ.ಎಸ್. ಅಜರಾಯ ಮತ್ತು ಸಂಯುಕ್ತ ಸಭೆಯ ವಿ. ಸಾಂತಿಯಾಗೊ. ಈ ಒಡಕುಗಳು ನಾವು ಮಾಡಿದವಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದವು, ಇವನ್ನು ಮುಂದುವರಿಸುವ ಇಷ್ಟ ನಮಗಿಲ್ಲ ಎಂಬುದು ಅವರು ಹೊರಡಿಸಿದ ಹೇಳಿಕೆಯ ತಿರುಳು. 1925ರಲ್ಲಿ ವೆಸ್ಲಿಯನ್ ಮೆಥಡಿಸ್ಟರೂ ಮಾತುಕತೆಗೆ ಬಂದರು. 1929ರಲ್ಲಿ ಮೊದಲ ಕರಡು ಅಚ್ಚಾಯಿತು.

ಮಾತುಕತೆ ಹಿಡಿದದ್ದು 28 ವರ್ಷ. ನಂಬಿಕೆಯ ವಿಷಯದಲ್ಲಿ ಅವರಿಗೆ ದೊಡ್ಡ ಭೇದವಿರಲಿಲ್ಲ. ಗಂಟು ಬಿದ್ದದ್ದು ಕರೆಯ ವಿಷಯದಲ್ಲಿ. ಬಿಷಪರ ಹಸ್ತಾರ್ಪಣೆ ಇಲ್ಲದವನು ಪಾಲಕನೇ ಅಲ್ಲ ಎಂಬುದು ಅನೇಕ ಆಂಗ್ಲಿಕನ್ನರ ನಿಲುವು. ನಲವತ್ತು ವರ್ಷ ಹಳ್ಳಿಗಳಲ್ಲಿ ದೀಕ್ಷಾಸ್ನಾನ ಕೊಟ್ಟು, ಮದುವೆ ಮಾಡಿಸಿ, ಸತ್ತವರನ್ನು ಮಣ್ಣು ಮಾಡಿದ ಮೆಥಡಿಸ್ಟ್ ಪಾಲಕನಿಗೆ, ನಿನಗೆ ಇನ್ನೊಮ್ಮೆ ದೀಕ್ಷೆಯಾಗಬೇಕು ಎಂದರೆ ಅವನ ಇಡೀ ಬಾಳನ್ನು ಸುಳ್ಳು ಮಾಡಿದಂತಾಗುತ್ತಿತ್ತು. ಎರಡೂ ಕಡೆಯವರು ಪ್ರಾಮಾಣಿಕರು. ಇಬ್ಬರೂ ತಮ್ಮ ಹಿರಿಯರಿಂದ ಬಂದ ಹೊಣೆಯನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದರು.

1930ರ ದಶಕದಲ್ಲಿ ಇದಕ್ಕಿಂತ ಬಿಸಿಯಾದ ಪ್ರಶ್ನೆ ಸಂಯುಕ್ತ ಸಭೆಯ ಕಡೆಯಿಂದ ಬಂತು. ದೀಕ್ಷೆಯಿಲ್ಲದ ಸಾಮಾನ್ಯ ಸದಸ್ಯ ಕರ್ತನ ಭೋಜನ ನಡೆಸಬಹುದೇ? ಈ ಪ್ರಶ್ನೆಯ ಹಿಂದೆ ಹಳ್ಳಿಗಾಡಿನ ಕಷ್ಟವಿತ್ತು. ಹತ್ತಾರು ಹಳ್ಳಿಗಳಿಗೆ ಒಬ್ಬ ಪಾಲಕ. ಮಳೆಗಾಲದಲ್ಲಿ ಹೊಳೆ ದಾಟಿ ಅವರು ಬರುವ ತನಕ ಆ ಸಭೆಗೆ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ. ಸಭೆಯನ್ನು ನಿತ್ಯ ನಡೆಸುವ ಹಿರಿಯ ಅಲ್ಲೇ ಇದ್ದಾನೆ, ಅವನಿಗೆ ಅಪ್ಪಣೆ ಕೊಟ್ಟರೇನು ಎಂಬುದು ವಾದ. ಆಂಗ್ಲಿಕನ್ನರಿಗೆ ಇದು ಒಪ್ಪಲಾಗದ ಮಾತು. ಯೋಜನೆಯೇ ಮುರಿದುಬೀಳುವ ಹಂತ ತಲುಪಿತು. ಚೀನಾದಲ್ಲಿ ದುಡಿದ ಆಂಗ್ಲಿಕನ್ ಮಿಷನರಿ ರೋಲಂಡ್ ಆಲನ್ ಆ ಹೊತ್ತಿಗಾಗಲೇ ಇನ್ನೊಂದು ದಾರಿ ತೋರಿಸಿದ್ದರು. ಊರಿನ ಹಿರಿಯರಿಗೇ, ಅವರ ಕಸುಬು ಬಿಡಿಸದೆ, ಸಂಬಳ ಕೊಡದೆ ದೀಕ್ಷೆ ಕೊಡಿ ಎಂದು 1930ರಲ್ಲಿ ಪ್ರಕಟವಾದ ಅವರ ಪುಸ್ತಕ ವಾದಿಸಿತ್ತು. ಕೊನೆಗೆ ಸಂಯುಕ್ತ ಸಭೆ ತನ್ನ ಬೇಡಿಕೆಯನ್ನು ಐಕ್ಯದ ಷರತ್ತಾಗಿ ಹಿಡಿಯಲಿಲ್ಲ. ಆದರೆ ಆ ಚರ್ಚೆ ನಡೆದದ್ದರಿಂದ ಸಾಮಾನ್ಯ ಸದಸ್ಯರ ಸ್ಥಾನವೇನೆಂಬುದನ್ನು ಎಲ್ಲರೂ ಬರೆದು ಹೇಳಬೇಕಾಯಿತು.

*

ಈ ಚರ್ಚೆಯ ನಡುವೆಯೇ ಜಗತ್ತು ಪಲ್ಲಾವರಂ ದಾರಿಗೆ ಬಂತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜು 1937ರಲ್ಲಿ ನಗರದ ಗದ್ದಲ ಬಿಟ್ಟು ತಾಂಬರಂನ 365 ಎಕರೆ ಕುರುಚಲು ಕಾಡಿಗೆ ಸ್ಥಳಾಂತರವಾಗಿತ್ತು. ಮರುವರ್ಷ ಅಂತರರಾಷ್ಟ್ರೀಯ ಮಿಷನರಿ ಪರಿಷತ್ತಿನ ಮಹಾಸಭೆ ಚೀನಾದ ಹಾಂಗ್‌ಚೌನಲ್ಲಿ ನಡೆಯಬೇಕಿತ್ತು. ಜಪಾನ್ ಚೀನಾದ ಮೇಲೆ ದಂಡೆತ್ತಿ ಹೋಗಿದ್ದರಿಂದ ಅದು ತಾಂಬರಂಗೆ ಬಂತು. 1938ರ ಡಿಸೆಂಬರ್ 12ರಿಂದ 29ರವರೆಗೆ 471 ಪ್ರತಿನಿಧಿಗಳು ಕಾಲೇಜಿನ ವಿದ್ಯಾರ್ಥಿ ನಿಲಯಗಳಲ್ಲಿ ಉಳಿದರು. ಅಧ್ಯಕ್ಷತೆ ಅಮೆರಿಕದ ಜಾನ್ ಮಾಟ್ ಅವರದು, ಅವರೂ ದೀಕ್ಷೆ ಪಡೆಯದ ಸಾಮಾನ್ಯ ಸದಸ್ಯರೇ. ಯುದ್ಧದಲ್ಲಿದ್ದ ಚೀನೀಯರೂ ಜಪಾನೀಯರೂ ಒಂದೇ ಸಭಾಂಗಣದಲ್ಲಿ ಕುಳಿತರು. ಸಭೆ 16 ವಿಭಾಗಗಳಾಗಿ ಒಡೆದು ವಿಷಯಗಳನ್ನು ಹಂಚಿಕೊಂಡಿತು. ಅದರಲ್ಲೊಂದು ವಿಭಾಗದ ವಿಷಯ ಸ್ಥಳೀಯ ಸಭೆಯ ಸೇವಕವರ್ಗ, ದೀಕ್ಷೆ ಪಡೆದವರು ಮತ್ತು ಪಡೆಯದವರು ಇಬ್ಬರೂ. ಐಕ್ಯಕ್ಕಾಗಿ ಆ ಸಭೆಯಲ್ಲಿ ಗಟ್ಟಿಯಾಗಿ ದನಿಯೆತ್ತಿದವರು ಏಷ್ಯಾ ಮತ್ತು ಆಫ್ರಿಕದ ಎಳೆಯ ಸಭೆಗಳವರು.

ಮದ್ರಾಸಿನ ಕೆಲವು ಸಾಮಾನ್ಯ ಸದಸ್ಯರಿಗೆ ಐಕ್ಯದ ಮಾತಷ್ಟೇ ಸಾಲದೆನಿಸಿತ್ತು. ತಾಂಬರಂ ಸಭೆಗೆ ಸ್ವಲ್ಪ ಮೊದಲು ಅವರು ಭಾರತದಲ್ಲಿ ಕ್ರೈಸ್ತ ಮತದ ಮರುಚಿಂತನೆ ಎಂಬ ಅರ್ಥದ ಇಂಗ್ಲಿಷ್ ಗ್ರಂಥವೊಂದನ್ನು ಹೊರತಂದರು. ಅದರ ಮುಖ್ಯ ಲೇಖಕರಲ್ಲಿ ಪಿ. ಚೆಂಚಯ್ಯ ಪುದುಕೋಟೆಯ ನ್ಯಾಯಾಧೀಶರು, ವಿ. ಚಕ್ಕರೈ ವಕೀಲರು. ಚಕ್ಕರೈ ಕಾರ್ಮಿಕ ಸಂಘಗಳ ನಾಯಕರೂ ಹೌದು, 1941ರಲ್ಲಿ ಮದ್ರಾಸಿನ ಮೇಯರ್ ಆದವರು. ಪಶ್ಚಿಮದ ಸಂಸ್ಥೆಗಳನ್ನು, ಹುದ್ದೆಗಳನ್ನು, ಸಮಿತಿಗಳನ್ನು ಇಲ್ಲಿಗೆ ಎತ್ತಿ ತಂದು ನೆಡುವುದೇ ತಪ್ಪು, ಕ್ರಿಸ್ತನನ್ನು ಅನುಸರಿಸಲು ಭಾರತೀಯನಿಗೆ ಆಶ್ರಮದಂಥ ಹಗುರ ವ್ಯವಸ್ಥೆ ಸಾಕು ಎಂಬುದು ಅವರ ವಾದ. ಹುದ್ದೆಯೇ ಇಲ್ಲದಿದ್ದರೆ ಹುದ್ದೆಯ ಜಗಳವೂ ಇರದು ಎಂಬುದು ಅದರೊಳಗಿನ ಇನ್ನೊಂದು ಎಳೆ. ಐಕ್ಯದ ಸಮಿತಿ ಆ ದಾರಿ ಹಿಡಿಯಲಿಲ್ಲ. ಅನ್ನ ಹಂಚುವವರು, ಲೆಕ್ಕ ಇಡುವವರು, ಮಕ್ಕಳಿಗೆ ಕಲಿಸುವವರು ಎಲ್ಲಿ ಜನ ಸೇರಿದರೂ ಬೇಕಲ್ಲವೇ? ಆದರೆ ದೀಕ್ಷೆಯಿಲ್ಲದ ಇಬ್ಬರು ಮದ್ರಾಸಿಗರ ಮಾತಿಗೆ ಜಗತ್ತಿನ ಮಿಷನರಿ ನಾಯಕರು ತಾಂಬರಂನಲ್ಲಿ ಉತ್ತರ ಕೊಡಬೇಕಾಗಿ ಬಂತು ಎಂಬುದು ದೊಡ್ಡ ಸಂಗತಿ.

*

ಐಕ್ಯಕ್ಕೆ ವಿರೋಧ ಇಂಗ್ಲೆಂಡಿನಲ್ಲಿ ಜೋರಾಯಿತು. ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಗೆಯನ್ನೇ ಬರೆದರು. ಇಲ್ಲಿ ಮಾತ್ರ ಒಂದೊಂದೇ ಸಭೆ ಒಪ್ಪಿಗೆ ಕೊಡುತ್ತ ಬಂತು. 1943ರಲ್ಲಿ ಮೆಥಡಿಸ್ಟರು, 1945ರ ಜನವರಿಯಲ್ಲಿ ಆಂಗ್ಲಿಕನ್ನರು, 1946ರಲ್ಲಿ ಸಂಯುಕ್ತ ಸಭೆ.

ಅವರು ಕಂಡುಕೊಂಡ ಪರಿಹಾರದ ಕುಶಲತೆ ಇಂದಿಗೂ ಓದಿ ತಿಳಿಯಬೇಕಾದದ್ದು. ಮೊದಲನೆಯದಾಗಿ, ಐಕ್ಯದ ದಿನ ಸೇವೆಯಲ್ಲಿರುವ ಪ್ರತಿ ಪಾಲಕನನ್ನೂ ಅವನು ಬಂದ ಹಾಗೆಯೇ ಸ್ವೀಕರಿಸುವುದು, ಯಾರಿಗೂ ಮರುದೀಕ್ಷೆಯಿಲ್ಲ. ಎರಡನೆಯದು, ಅಂದಿನಿಂದ ಹೊಸದಾಗಿ ಬರುವವರಿಗೆಲ್ಲ ಬಿಷಪರ ಕೈಯಿಂದಲೇ ದೀಕ್ಷೆ. ಮೂರನೆಯದು, ಯಾವ ಸಭೆಯ ಮನಸ್ಸಾಕ್ಷಿಗೂ ಒಗ್ಗದ ಪಾಲಕನನ್ನು ಅದರ ಮೇಲೆ ಹೇರುವುದಿಲ್ಲವೆಂಬ ವಾಗ್ದಾನ. ನಾಲ್ಕನೆಯದು ಕಾಲಾವಕಾಶ. ಮೂವತ್ತು ವರ್ಷ ಈ ಏರ್ಪಾಟು ನಡೆಯಲಿ, ಆಮೇಲೆ ಮುಂದಿನ ಪ್ರಶ್ನೆಗಳನ್ನು ನೋಡೋಣ. ಹಳಬರ ಮಾನ ಉಳಿಯಿತು, ಮುಂದಿನ ಪದ್ಧತಿ ಒಂದಾಯಿತು, ಅನುಮಾನ ಇದ್ದವರಿಗೆ ರಕ್ಷಣೆ ಸಿಕ್ಕಿತು.

ಸ್ವಾತಂತ್ರ್ಯ ಬಂದು ಆರು ವಾರ ಕಳೆದಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಬಿಷಪ್ ಸಿ.ಕೆ. ಜೇಕಬ್ ಐಕ್ಯದ ಘೋಷಣೆ ಓದಿದರು. 14 ಸಭಾಪ್ರಾಂತಗಳ ದಕ್ಷಿಣ ಭಾರತ ಸಭೆ ಹುಟ್ಟಿತು. ಅದೇ ದಿನ ಒಂಬತ್ತು ಮಂದಿ ಹೊಸ ಬಿಷಪರಿಗೆ ಅಭಿಷೇಕವಾಯಿತು. ಅವರ ತಲೆಯ ಮೇಲೆ ಹಿಂದಿನ ಆಂಗ್ಲಿಕನ್ ಬಿಷಪರ ಕೈಗಳ ಜೊತೆಗೆ ಸೇರಿಬಂದ ಸಭೆಗಳ ಪಾಲಕರ ಕೈಗಳೂ ಇದ್ದವು. ಆ ಒಂಬತ್ತು ಮಂದಿಯಲ್ಲಿ ಒಬ್ಬರು ಮೈಸೂರು ಸಭಾಪ್ರಾಂತದ ಮೊದಲ ಬಿಷಪ್, ವೆಸ್ಲಿಯನ್ ಸಭೆಯಿಂದ ಬಂದ ಕನ್ನಡಿಗ ಪಿ. ಗುರುಶಾಂತ. ಇನ್ನೊಬ್ಬರು ಮಧುರೆಗೆ ಹೋದ ಸ್ಕಾಟ್ಲೆಂಡ್ ಸಭೆಯ ಲೆಸ್ಲಿ ನ್ಯೂಬಿಗಿನ್, ಮುಂದೆ 1965ರಲ್ಲಿ ಮದ್ರಾಸಿನ ಬಿಷಪರಾದವರು. ಗುರುಶಾಂತರ ಉತ್ತರಾಧಿಕಾರಿ ನಾರ್ಮನ್ ಸಾರ್ಜೆಂಟ್ ಮಿಷನ್‌ಗಳು ಸಭೆಯಾದ ಕರ್ನಾಟಕದ ಕಥೆಯನ್ನು ಪುಸ್ತಕವಾಗಿ ಬರೆದಿಟ್ಟಿದ್ದಾರೆ. 1970ರಲ್ಲಿ ಮೈಸೂರು ಸಭಾಪ್ರಾಂತ ಕರ್ನಾಟಕ ಮಧ್ಯ, ಉತ್ತರ, ದಕ್ಷಿಣ ಎಂದು ಮೂರಾಯಿತು. ಬೆಂಗಳೂರಿನ ಹಡ್ಸನ್ ಚರ್ಚ್ ವೆಸ್ಲಿಯನ್ನರದು, ರೈಸ್ ಚರ್ಚ್ ಲಂಡನ್ ಮಿಷನ್ನಿನದು. ಇವೆರಡರ ಕನ್ನಡ ಸಭೆಗಳೂ ಇಂದು ಒಂದೇ ಬಿಷಪರ ಕೆಳಗಿವೆ.

ಚರ್ಚ್‌ವಾರ್ಡನ್, ಡೀಕನ್, ಸಭಾ ಹಿರಿಯ, ಸ್ಥಳೀಯ ಪ್ರಸಂಗಿ ಎಂಬ ನಾಲ್ಕು ಪರಂಪರೆಗಳ ಹೊಣೆಗಳು ಐಕ್ಯದ ನಂತರ ಪಾಸ್ಟರೇಟ್ ಕಮಿಟಿಯೊಳಗೆ ಒಂದಾದವು. ಸಭಾಪಾಲಕರು ಅಧ್ಯಕ್ಷರು, ಸಭೆ ಚುನಾಯಿಸಿದವರು ಸದಸ್ಯರು, ಅವರಲ್ಲೇ ಕಾರ್ಯದರ್ಶಿ ಮತ್ತು ಖಜಾಂಚಿ. ಅವಧಿ ಗೊತ್ತು, ಮತದಾರರ ಪಟ್ಟಿ ಗೊತ್ತು, ತಕರಾರಿದ್ದರೆ ಸಭಾಪ್ರಾಂತಕ್ಕೆ ಮನವಿ ಕೊಡುವ ದಾರಿ ಗೊತ್ತು. ಕೆಥೊಲಿಕರಲ್ಲೂ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪಾಲನಾ ಮಂಡಳಿಗಳು ಬಂದವು. 1983ರ ಧರ್ಮಸಭೆಯ ಕಾನೂನಿನ 536ನೆಯ ವಿಧಿಯಂತೆ ಆ ಮಂಡಳಿಗೆ ಸಲಹೆ ಕೊಡುವ ಹಕ್ಕು ಮಾತ್ರ. 537ನೆಯ ವಿಧಿಯಂತೆ ಹಣಕಾಸು ಸಮಿತಿ ಕಡ್ಡಾಯ. ಎಷ್ಟೋ ಚರ್ಚುಗಳ ಮನಸ್ತಾಪದ ಬೇರು ಇಲ್ಲಿದೆ. ಮಂಡಳಿಯ ಸದಸ್ಯರು ತಾವು ತೀರ್ಮಾನಿಸಲು ಕುಳಿತಿದ್ದೇವೆಂದು ಭಾವಿಸಿರುತ್ತಾರೆ, ಪಾದ್ರಿ ಅವರನ್ನು ಸಲಹೆ ಕೇಳಲು ಕರೆದಿರುತ್ತಾರೆ. ಮೊದಲ ದಿನವೇ ಅದನ್ನು ಓದಿ ಹೇಳಿದ ಕಡೆ ಅರ್ಧ ತಾಪತ್ರಯ ತಪ್ಪುತ್ತದೆ.

ಆದರೆ ಎಲ್ಲ ಕಡೆಯೂ ತಾಪತ್ರಯ ತಪ್ಪಿಲ್ಲ. ಚರ್ಚುಗಳಿಗೆ ಶಾಲೆ, ಆಸ್ಪತ್ರೆ, ಜಮೀನು ಸೇರಿಕೊಂಡ ಮೇಲೆ ಸಂಬಳವಿಲ್ಲದ ಹುದ್ದೆಗೂ ಅಧಿಕಾರದ ಭಾರ ಬಂತು. ದಕ್ಷಿಣ ಭಾರತ ಸಭೆಯ ಸಿನೊಡ್ ಇರುವುದು ಚೆನ್ನೈನ ರಾಯಪೇಟೆಯಲ್ಲಿ. ಇತ್ತೀಚಿನ ವರ್ಷಗಳಲ್ಲಿ ಅದರ ಚುನಾವಣೆಯ ವಿವಾದಗಳು ಮದ್ರಾಸ್ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಹತ್ತಿವೆ. ಮತ್ತಾಯನ ಮೂರು ಮೆಟ್ಟಿಲುಗಳಲ್ಲಿ ಇಲ್ಲದ ನಾಲ್ಕನೆಯ ಮೆಟ್ಟಿಲು ಅದು. ಅದನ್ನು ಹತ್ತಿದವರು ಕಳೆದುಕೊಳ್ಳುವುದು ವಕೀಲರ ಫೀಸನ್ನಷ್ಟೇ ಅಲ್ಲ. ಎರಡು ಬಣದವರ ಮಕ್ಕಳು ಒಂದೇ ಸಂಡೇ ಸ್ಕೂಲಿನಲ್ಲಿ ಕೂರುತ್ತಾರೆ, ಎರಡು ಬಣದವರ ಹಿರಿಯರು ಒಂದೇ ಸ್ಮಶಾನದಲ್ಲಿ ಮಲಗಿದ್ದಾರೆ. ಕೋರ್ಟಿನ ಆದೇಶ ಚುನಾವಣೆಯ ತಾರೀಖನ್ನು ಗೊತ್ತು ಮಾಡಬಹುದು, ಮಾತು ಬಿಟ್ಟವರನ್ನು ಮಾತಾಡಿಸಲಾರದು. 1919ರಿಂದ 1947ರವರೆಗೆ ಕುಳಿತವರು ಇದನ್ನು ಬಲ್ಲವರಾಗಿದ್ದರು. ಅದಕ್ಕೇ ಅವರು ಮತಕ್ಕೆ ಹಾಕಿ ಗೆಲ್ಲಬಹುದಾಗಿದ್ದ ಎಷ್ಟೋ ಪ್ರಶ್ನೆಗಳನ್ನು ಮುಂದಿನ ಸಭೆಗೆ ಮುಂದೂಡಿದರು.

ಅವರ ತಾಳ್ಮೆಗೂ ಸಿಗದೆ ಉಳಿದವರಿದ್ದರು. ಬಳ್ಳಾರಿಯಿಂದ ಪೂರ್ವಕ್ಕೆ, ಕರ್ನೂಲಿನ ಆಚೆ ಇರುವ ನಂದ್ಯಾಲದ ತೆಲುಗು ಆಂಗ್ಲಿಕನ್ನರು 1947ರ ಐಕ್ಯವನ್ನು ಒಪ್ಪಲಿಲ್ಲ. ತಮ್ಮ ಹಳೆಯ ಕ್ರಮವನ್ನು ಬಿಡಲು ಮನಸ್ಸಿಲ್ಲದ ಸಾವಿರಾರು ಜನ ದೂರದ ಕಲ್ಕತ್ತೆಯ ಆಂಗ್ಲಿಕನ್ ಪೀಠದ ಕೆಳಗೆ ಉಳಿದರು. ಐಕ್ಯಸಭೆ ಅವರ ಮೇಲೆ ಬಿಷಪರನ್ನು ಹೇರಲಿಲ್ಲ. ಮಾತು ಮುಂದುವರಿಯಿತು. 1963ರಲ್ಲಿ ನಂದ್ಯಾಲಕ್ಕೆ ಅದರದೇ ಬಿಷಪ್ ಸಿಕ್ಕರು, 1970ರ ದಶಕದ ನಡುವಿನಲ್ಲಿ ಅವರು ತಾವಾಗಿಯೇ ದಕ್ಷಿಣ ಭಾರತ ಸಭೆಗೆ ಬಂದು ಸೇರಿದರು. ಅದೇ ದಶಕದಲ್ಲಿ ಐಕ್ಯಸಭೆ ಮಹಿಳೆಯರಿಗೂ ದೀಕ್ಷೆಯ ಬಾಗಿಲು ತೆರೆಯಿತು, 1976ರಲ್ಲಿ ಎಲಿಜಬೆತ್ ಪಾಲ್ ಪಾಲಕಿಯಾದರು. 2013ರ ಸೆಪ್ಟೆಂಬರ್ 30ರಂದು ವಿಜಯವಾಡದಲ್ಲಿ ಎಗ್ಗೋಣಿ ಪುಷ್ಪಲಲಿತಾ ಬಿಷಪರಾಗಿ ಅಭಿಷೇಕ ಪಡೆದರು, ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್. ಅವರನ್ನು ಕಳುಹಿಸಿದ್ದು ನಂದ್ಯಾಲಕ್ಕೆ.